ಲೆಟಿಯ ಹಂದಿ ಫಾರಂ: ಒಂದು ಜಾಗ ಬಿಡಿಸಿಕೊಂಡ ಕತೆ

ಲೆಟಿಯಲ್ಲಿ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅನ್ನುವುದು ದೊಡ್ಡ ವಿಷಯವಾಗಿತ್ತು. ಪ್ರತಿ ವರ್ಷ ಮೇ ತಿಂಗಳ ನಡುವೆ ಒಂದಷ್ಟು ಜನ ಅಲ್ಲಿ ಸೇರುತ್ತಿದ್ದರು. ವಯಸ್ಸಾದವರು, ಅವರ ಮಕ್ಕಳು, ಮೊಮ್ಮಕ್ಕಳು. ಹೂವು ಇಡುವುದು, ಪ್ರಾರ್ಥನೆ, ಒಂದೆರಡು ಭಾಷಣ. ಗಾಳಿ ಆ ಕಡೆಯದಾದರೆ ಪ್ರಾರ್ಥನೆಯ ನಡುವೆಯೇ ಗಬ್ಬು ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಹತ್ತಿರದಲ್ಲೇ ಉದ್ದುದ್ದ ಶೆಡ್ಡುಗಳು. ಒಳಗೆ ಸುಮಾರು 13,000 ಹಂದಿಗಳು.

ಈ ಜಾಗ ಇರುವುದು ಜೆಕ್ ದೇಶದಲ್ಲಿ. ಪ್ರಾಗ್‌ನಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್, ಪೀಸೆಕ್ ಪಟ್ಟಣದ ಆಸುಪಾಸು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ರೋಮಾ ಜನರನ್ನು ಕೂಡಿಹಾಕಿದ ಶಿಬಿರವಿತ್ತು. 1970ರ ದಶಕದಲ್ಲಿ ಅದೇ ಜಾಗಕ್ಕೆ ಹಂದಿ ಫಾರಂ ಬಂತು. ಅದನ್ನು ತೆಗೆಸುವುದಕ್ಕೆ ಸತ್ತವರ ಮನೆಯವರು 20 ವರ್ಷಕ್ಕೂ ಜಾಸ್ತಿ ಓಡಾಡಿದರು. ಶೆಡ್ಡುಗಳನ್ನು ಕೆಡವಲು ಶುರು ಮಾಡಿದ್ದು 2022ರ ಜುಲೈನಲ್ಲಿ. ಆ ಹೊತ್ತಿಗೆ ಯುರೋಪಿನಲ್ಲಿ ಇನ್ನೊಂದು ಯುದ್ಧ ನಡೆಯುತ್ತಿತ್ತು. ಉಕ್ರೇನ್‌ನಿಂದ ಓಡಿಬಂದ ರೋಮಾ ಕುಟುಂಬಗಳು ಅದೇ ವಸಂತದಲ್ಲಿ ಪ್ರಾಗ್‌ನ ರೈಲು ನಿಲ್ದಾಣದಲ್ಲಿ ನೆಲದ ಮೇಲೆ ಮಲಗಿದ್ದವು.

ಒಂದು ಹಂದಿ ಫಾರಂ ಎತ್ತಿಸಲು ಇಷ್ಟು ವರ್ಷ ಯಾಕೆ? ದುಡ್ಡಿಲ್ಲ ಎಂದರು. ನನಗೆ ಆ ಕಾರಣ ಅರ್ಧ ಮಾತ್ರ ನಿಜ ಅನ್ನಿಸುತ್ತದೆ. ಆ ಶಿಬಿರದ ಗೇಟು ಕಾದವರು ಜೆಕ್ ಪೊಲೀಸರು. ತಕರಾರಿನ ಬೇರು ಹುಡುಕುತ್ತಾ ಹೋದರೆ ತಿರುಗಿ ತಿರುಗಿ ಆ ಗೇಟಿನ ಹತ್ತಿರವೇ ಬಂದು ನಿಲ್ಲುತ್ತೇವೆ.

ಯಾರು ಈ ರೋಮಾ?

ಜಿಪ್ಸಿ ಎಂದರೆ ನಮ್ಮಲ್ಲಿ ಬಹಳ ಜನಕ್ಕೆ ಮೊದಲು ನೆನಪಾಗುವುದು ಮಾರುತಿ ಕಂಪನಿಯ ಜೀಪು. ಯುರೋಪಿನಲ್ಲಿ ಅದು ರೋಮಾ ಜನರಿಗೆ ಹೊರಗಿನವರು ಇಟ್ಟ ಹೆಸರು, ಅವರಲ್ಲಿ ಬಹುಪಾಲು ಮಂದಿ ಅದನ್ನು ಒಪ್ಪುವುದಿಲ್ಲ. ಜೆಕ್ ಭಾಷೆಯ ‘ತ್ಸಿಕಾನ್’ ಅನ್ನುವುದಂತೂ ಬೈಗುಳದ ಹಾಗೇ ಕೇಳಿಸುತ್ತದೆ. ಸುಮಾರು ಸಾವಿರ ವರ್ಷದ ಹಿಂದೆ ಭಾರತದ ವಾಯುವ್ಯ ಭಾಗದಿಂದ ಹೊರಟವರು ಇವರು. ಅವರ ಮಾತಿನಲ್ಲಿ ಇವತ್ತಿಗೂ ನೀರಿಗೆ ಪಾನಿ, ಮೂಗಿಗೆ ನಖ್. ಒಂದು, ಎರಡು, ಮೂರು ಎಣಿಸಿದರೆ ಯೆಖ್, ದುಯಿ, ತ್ರಿನ್. 1971ರ ಏಪ್ರಿಲ್‌ನಲ್ಲಿ ಲಂಡನ್ ಹತ್ತಿರ ಅವರ ಮೊದಲ ವಿಶ್ವ ಸಮಾವೇಶ ನಡೆಯಿತು. ಅಲ್ಲಿ ಒಪ್ಪಿದ ಧ್ವಜದ ನಡುವೆ ಕೆಂಪು ಚಕ್ರವಿದೆ, 16 ಅರಗಳದ್ದು. ನೋಡಿದರೆ ನಮ್ಮ ಧ್ವಜದ ಚಕ್ರದ ತಮ್ಮನ ಹಾಗೆ ಕಾಣುತ್ತದೆ.

ಇನ್ನೊಂದು ವಿಷಯದಲ್ಲೂ ನಮಗೆ ಅವರ ಕತೆ ಹೊಸದಲ್ಲ. 1927ರಲ್ಲಿ, ಹಿಟ್ಲರ್ ಇನ್ನೂ ಅಧಿಕಾರಕ್ಕೆ ಬಂದಿರಲಿಲ್ಲ, ಜೆಕೊಸ್ಲೊವಾಕಿಯಾ ಅಲೆಮಾರಿಗಳ ಬಗ್ಗೆ ಒಂದು ಕಾನೂನು ಮಾಡಿತು. ಅದರ ಪ್ರಕಾರ ಪ್ರತ್ಯೇಕ ಗುರುತಿನ ಚೀಟಿ, ಅದರಲ್ಲಿ ಬೆರಳಚ್ಚು. ಎಲ್ಲಿ ಬಿಡಾರ ಹೂಡಬೇಕು, ಎಷ್ಟು ದಿನ ಇರಬೇಕು ಎನ್ನುವುದಕ್ಕೆಲ್ಲ ಅಧಿಕಾರಿಗಳ ಅಪ್ಪಣೆ. ಬ್ರಿಟಿಷರು ನಮ್ಮಲ್ಲಿ 1871ರಲ್ಲೇ ‘ಅಪರಾಧಿ ಬುಡಕಟ್ಟು’ ಕಾಯ್ದೆ ತಂದಿದ್ದರು. ಹುಟ್ಟಿನಿಂದಲೇ ಕಳ್ಳ ಎನ್ನುವ ಪಟ್ಟ, ಠಾಣೆಯಲ್ಲಿ ಹಾಜರಿ, ಊರು ಬಿಡಲು ಪಾಸು. ಹುಬ್ಬಳ್ಳಿಯ ಸೆಟ್ಲಮೆಂಟ್ ಏರಿಯಾಕ್ಕೆ ಆ ಹೆಸರು ಬಂದಿದ್ದು ಹೀಗೆ ಕೂಡಿಹಾಕಿದವರ ವಸಾಹತಿನಿಂದ. ನಮ್ಮಲ್ಲಿ ಆ ಕಾಯ್ದೆ ಹೋಗಿದ್ದು ಸ್ವಾತಂತ್ರ್ಯ ಬಂದ ಮೇಲೆ, 1952ರಲ್ಲಿ. ಜೆಕ್ ನೆಲದಲ್ಲಿ ಆದದ್ದು ಬೇರೆ. ಪೊಲೀಸರ ಹತ್ತಿರ ಮೊದಲೇ ತಯಾರಾಗಿ ಕೂತಿದ್ದ ದಾಖಲೆ, ನಾಜಿಗಳು ಬಂದಾಗ ಸುಲಭವಾಗಿ ಕೆಲಸಕ್ಕೆ ಬಂತು.

ಒಂದು ಶಿಬಿರ, ಮೂರು ಹೆಸರು

ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು. ಮುಂದೆ ಬರುವ ಜಗಳ ಪೂರ್ತಿ ಈ ಹೆಸರುಗಳ ಮೇಲೆಯೇ ನಿಂತಿದೆ.

ಲೆಟಿಯಲ್ಲಿ ಮೊದಲು ಶಿಬಿರ ತೆರೆದದ್ದು 1940ರ ಆಗಸ್ಟ್‌ನಲ್ಲಿ. ಅದಕ್ಕೆ ಆಧಾರ 1939ರ ಮಾರ್ಚ್ ಆರಂಭದ ಒಂದು ಸರ್ಕಾರಿ ಆದೇಶ. ಅಂದರೆ ಜರ್ಮನ್ ಸೇನೆ ಪ್ರಾಗ್‌ಗೆ ಕಾಲಿಡುವುದಕ್ಕೆ ಎರಡು ವಾರ ಮುಂಚೆ, ಜೆಕ್ ಸರ್ಕಾರದ್ದೇ ತೀರ್ಮಾನ. ಕೆಲಸಕ್ಕೆ ಹೋಗದೆ ಅಲೆಯುತ್ತಾರೆ ಎಂದು ಪೊಲೀಸರು ಹೇಳಿದ ಗಂಡಸರನ್ನು ಹಿಡಿದು ದುಡಿಸುವ ‘ಶಿಸ್ತಿನ ಕೆಲಸದ ಶಿಬಿರ’ ಅದು. ಬಂದವರಲ್ಲಿ ಎಲ್ಲ ಥರದ ಜನರಿದ್ದರು, ರೋಮಾ ಸ್ವಲ್ಪ ಮಂದಿ. 1942ರ ಶುರುವಿನಲ್ಲಿ ಹೆಸರು ಬದಲಾಗಿ ‘ಸಂಗ್ರಹ ಶಿಬಿರ’ ಆಯಿತು. ಅದೇ ವರ್ಷ ಆಗಸ್ಟ್ 2ಕ್ಕೆ ಜರ್ಮನ್ನರ ಕೈಕೆಳಗಿದ್ದ ಇಡೀ ಜೆಕ್ ನೆಲದಲ್ಲಿ ರೋಮಾ ಜನರ ಎಣಿಕೆ ನಡೆಯಿತು. ಸುಮಾರು 6,500 ಜನ ಪಟ್ಟಿಗೆ ಸೇರಿದರು. ಅವತ್ತಿನಿಂದ ಲೆಟಿ ‘ಜಿಪ್ಸಿ ಶಿಬಿರ’. ಪೂರ್ವ ಭಾಗದ ಮೊರಾವಿಯಾದ ಹೊಡೊನೀನ್‌ನಲ್ಲಿ ಇದರ ಜೋಡಿ ಇನ್ನೊಂದು.

ಈ ಮೂರನೇ ಹೆಸರಿನ ಶಿಬಿರಕ್ಕೆ ಬಂದದ್ದು ಇಡೀ ಕುಟುಂಬಗಳು. ಅಜ್ಜಿ, ಬಸುರಿ, ಹಾಲು ಕುಡಿಯುವ ಕೂಸು, ಎಲ್ಲರೂ. ಬಂದ ತಕ್ಷಣ ಗಂಡಸರು ಒಂದು ಕಡೆ, ಹೆಂಗಸರು ಮಕ್ಕಳು ಇನ್ನೊಂದು ಕಡೆ. ತಲೆ ಬೋಳಿಸುವುದು, ಇದ್ದ ಬದ್ದ ಸಾಮಾನು ಕಿತ್ತುಕೊಳ್ಳುವುದು. ಮರದ ಹಲಗೆಯ ಗುಡಿಸಲುಗಳಲ್ಲಿ 300 ಜನಕ್ಕೆ ಜಾಗ ಇತ್ತು. ಕೆಲವೇ ವಾರದಲ್ಲಿ ಸಾವಿರ ದಾಟಿತು. ಕಾಡಿನಲ್ಲಿ, ರಸ್ತೆಯಲ್ಲಿ ದುಡಿತ. ಊಟ ಇದ್ದೂ ಇಲ್ಲದ ಹಾಗೆ. ಮುಖ್ಯಾಧಿಕಾರಿ ಯೊಸೆಫ್ ಯಾನೊವ್‌ಸ್ಕಿ ಜೆಕ್ ಪೊಲೀಸ್ ಅಧಿಕಾರಿ. ಕಾವಲಿನವರೂ ಜೆಕ್ ಪೊಲೀಸರೇ.

ಆ ಚಳಿಗಾಲಕ್ಕೆ ಟೈಫಸ್ ಜ್ವರ ಬಂತು. ಯಾರೂ ಒಳಗೆ ಹೊರಗೆ ಹೋಗದಂತೆ ಶಿಬಿರಕ್ಕೆ ಬೀಗ ಬಿತ್ತು. ಸತ್ತವರನ್ನು ಮೊದಲು ಮಿರೊವಿಟ್ಸೆ ಊರಿನ ಚರ್ಚಿನ ಸ್ಮಶಾನಕ್ಕೆ ಒಯ್ಯುತ್ತಿದ್ದರು. ಆಮೇಲೆ ಸಾವು ಜಾಸ್ತಿಯಾಗಿ, ಶಿಬಿರದ ಪಕ್ಕದ ಮರಗಳ ನಡುವೆಯೇ ಹೂಳತೊಡಗಿದರು. ಒಟ್ಟು ಸುಮಾರು 1,300 ಜನ ಈ ಶಿಬಿರದಲ್ಲಿದ್ದರು. ಕನಿಷ್ಠ 326 ಜನ ಅಲ್ಲೇ ಸತ್ತರು. ಅವರಲ್ಲಿ 241 ಮಕ್ಕಳು. ಶಿಬಿರದಲ್ಲೇ 30ಕ್ಕೂ ಜಾಸ್ತಿ ಕೂಸುಗಳು ಹುಟ್ಟಿದವು, ಹೆಚ್ಚುಕಡಿಮೆ ಒಂದೂ ಉಳಿಯಲಿಲ್ಲ. 500ಕ್ಕೂ ಹೆಚ್ಚು ಜನರನ್ನು ನಾಜಿಗಳ ಸಾವಿನ ಶಿಬಿರ ಆಶ್‌ವಿಟ್ಸ್‌ಗೆ ಸಾಗಿಸಿದರು. ಅದರಲ್ಲಿ ದೊಡ್ಡ ರೈಲು ಹೊರಟದ್ದು 1943ರ ಮೇ ನಡುವೆ. ಪ್ರತಿ ವರ್ಷ ಮೇ ತಿಂಗಳಲ್ಲೇ ಜನ ಸೇರುವುದಕ್ಕೆ ಅದೇ ಕಾರಣ. ಆಮೇಲೆ ಗುಡಿಸಲುಗಳಿಗೆ ಬೆಂಕಿ ಇಟ್ಟರು.

ಆಶ್‌ವಿಟ್ಸ್‌ನಲ್ಲಿ ರೋಮಾ ಕುಟುಂಬಗಳನ್ನಿಟ್ಟಿದ್ದ ಭಾಗವನ್ನು 1944ರ ಆಗಸ್ಟ್ 2ರ ರಾತ್ರಿ ಖಾಲಿ ಮಾಡಿದರು. ಉಳಿದಿದ್ದ 4,000ಕ್ಕೂ ಜಾಸ್ತಿ ಜನರನ್ನು ಅನಿಲದ ಕೋಣೆಗೆ ತಳ್ಳಿದರು. ಎಣಿಕೆ ನಡೆದದ್ದೂ ಆಗಸ್ಟ್ 2, ಇದೂ ಆಗಸ್ಟ್ 2. ಯುರೋಪಿನಲ್ಲಿ ರೋಮಾ ನರಮೇಧವನ್ನು ನೆನೆಯುವ ದಿನ ಇವತ್ತು ಅದೇ. ಜೆಕ್ ನೆಲದ ರೋಮಾ ಜನರಲ್ಲಿ ಯುದ್ಧ ಮುಗಿದ ಮೇಲೆ ಶಿಬಿರಗಳಿಂದ ತಿರುಗಿ ಬಂದವರು 600 ದಾಟಲಿಲ್ಲ.

ಲಿಡಿಟ್ಸೆ ಮತ್ತು ಲೆಟಿ

ಲೆಟಿ ‘ಜಿಪ್ಸಿ ಶಿಬಿರ’ ಆಗುವುದಕ್ಕೆ ಏಳೆಂಟು ವಾರ ಮುಂಚೆ, 1942ರ ಜೂನ್ 10ಕ್ಕೆ, ಪ್ರಾಗ್ ಹತ್ತಿರದ ಲಿಡಿಟ್ಸೆ ಊರನ್ನು ನಾಜಿಗಳು ನೆಲಸಮ ಮಾಡಿದ್ದರು. ತಮ್ಮ ಅಧಿಕಾರಿ ಹೈಡ್ರಿಕ್‌ನನ್ನು ಕೊಂದ ಸೇಡಿಗೆ. ಊರಿನ 173 ಗಂಡಸರನ್ನು ಅಲ್ಲೇ ಗುಂಡಿಟ್ಟು ಕೊಂದರು. ಮಕ್ಕಳಲ್ಲಿ 82 ಮಂದಿಯನ್ನು ಆಮೇಲೆ ಅನಿಲ ಹಾಯಿಸಿ ಕೊಂದರು. ಯುದ್ಧ ಮುಗಿದದ್ದೇ ತಡ, ಲಿಡಿಟ್ಸೆಯಲ್ಲಿ ಸ್ಮಾರಕ ಎದ್ದಿತು, ಪಕ್ಕದಲ್ಲಿ ಹೊಸ ಊರು ಕಟ್ಟಿದರು. ಅದು ಆಗಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ.

ಲೆಟಿಗೆ ಏನಾಯಿತು? ಯಾನೊವ್‌ಸ್ಕಿಯ ಮೇಲೆ ಕೇಸು ನಡೆಯಿತು, 1948ರಲ್ಲಿ ಖುಲಾಸೆ. ಜಾಗ ಹುಲ್ಲು ಬೆಳೆದುಕೊಂಡು ಬಿದ್ದಿತ್ತು. 1970ರ ದಶಕದಲ್ಲಿ ಕಮ್ಯುನಿಸ್ಟ್ ಆಡಳಿತ ಅಲ್ಲಿಗೆ ಹಂದಿ ಫಾರಂ ತಂದಿತು. ಬೇಕಂತಲೇ ಅವಮಾನ ಮಾಡಲು ಕಟ್ಟಿದರೆಂದು ನಾನು ಹೇಳಲಾರೆ. ಯಾರಿಗೂ ಅದು ಒಂದು ವಿಷಯ ಅಂತ ಅನ್ನಿಸಲೇ ಇಲ್ಲ ಅನ್ನುವುದು ನನಗೆ ಇನ್ನೂ ಕೆಟ್ಟದಾಗಿ ಕಾಣುತ್ತದೆ. ಜರ್ಮನ್ನರು ಕೊಂದ ಜೆಕ್ಕರಿಗೆ ಗುಲಾಬಿ ತೋಟ ಮಾಡಬಹುದು. ಜೆಕ್ ಪೊಲೀಸರ ಕಾವಲಿನಲ್ಲಿ ಸತ್ತ ರೋಮಾ ಮಕ್ಕಳಿಗೆ ಏನು ಮಾಡುವುದು? ಶಾಲೆಯ ಪುಸ್ತಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ.

ಹಾಗಂತ ದಾಖಲೆ ಮುಚ್ಚಿಟ್ಟಿದ್ದರು ಅಂತಲೂ ಅಲ್ಲ. ತ್ಸ್ತಿಬೊರ್ ನೆಚಾಸ್ ಎನ್ನುವ ಬರ್ನೊ ಊರಿನ ಇತಿಹಾಸಕಾರ ಕಮ್ಯುನಿಸ್ಟ್ ಕಾಲದಲ್ಲೇ ಈ ಶಿಬಿರಗಳ ಕಡತ ಬಿಡಿಸಿ, ಹೆಸರು ಹೆಸರಾಗಿ ಬರೆದಿಟ್ಟಿದ್ದರು. ಓದಿದವರು ಕೆಲವರೇ. 1990ರ ದಶಕದ ಆರಂಭದಲ್ಲಿ ಅಮೆರಿಕದ ಪಾಲ್ ಪೊಲಾನ್ಸ್ಕಿ ಎನ್ನುವವರು ವಲಸೆ ಹೋದವರ ಮೂಲ ಹುಡುಕುತ್ತಾ ದಕ್ಷಿಣ ಬೊಹೆಮಿಯಾದ ದಾಖಲೆ ಕೇಂದ್ರಕ್ಕೆ ಬಂದರು. ಅಲ್ಲಿ ಲೆಟಿಯ ಕಡತ ಕಣ್ಣಿಗೆ ಬಿತ್ತು. ಅವರು ಪತ್ರಿಕೆಗಳಲ್ಲಿ ಗಲಾಟೆ ಎಬ್ಬಿಸಿದರು. ಹೊರಗಿನವನೊಬ್ಬ ಬಂದು ಕೂಗಿದ ಮೇಲೆ ಒಳಗಿನವರಿಗೆ ಎಚ್ಚರವಾಯಿತು. ನಮ್ಮಲ್ಲೂ ಹೀಗೆ ಆಗುತ್ತದೆ, ಅಲ್ವಾ?

1995ರ ಮೇ 13ರಂದು ಅಧ್ಯಕ್ಷ ವಾಟ್ಸ್ಲಾವ್ ಹಾವೆಲ್ ಅಲ್ಲಿ ಒಂದು ಕಲ್ಲಿನ ಸ್ಮಾರಕ ಅನಾವರಣ ಮಾಡಿದರು. ಹಾವೆಲ್‌ಗೆ ಇದು ಹೊಸ ವಿಷಯವಾಗಿರಲಿಲ್ಲ. 1978ರಲ್ಲೇ ಅವರು ಮತ್ತು ಕಮ್ಯುನಿಸ್ಟ್ ಆಡಳಿತವನ್ನು ಪ್ರಶ್ನಿಸುತ್ತಿದ್ದ ಚಾರ್ಟರ್ 77 ಗುಂಪಿನ ಅವರ ಗೆಳೆಯರು ರೋಮಾ ಜನರ ಪಾಡಿನ ಬಗ್ಗೆ ಒಂದು ಪತ್ರ ಹೊರಡಿಸಿದ್ದರು. ಆದರೂ ಸ್ಮಾರಕ ನಿಂತದ್ದು ಸಮಾಧಿಗಳ ಬಳಿ, ಮರಗಳ ಕೆಳಗೆ. ಶಿಬಿರದ ಜಾಗದಲ್ಲಿ ಹಂದಿಗಳು ಹಾಗೇ ಇದ್ದವು.

ರೂಜಿಚ್ಕಾ ಅನ್ನುವ ಮನುಷ್ಯ

ಚೆನ್ಯೆಕ್ ರೂಜಿಚ್ಕಾ ಹುಟ್ಟಿದ್ದು 1946ರಲ್ಲಿ. ಅವರ ತಾಯಿ ಲೆಟಿಯಿಂದ ಬದುಕಿ ಬಂದವರು. ಆ ತಾಯಿಯ ಮೊದಲ ಕೂಸು ಅಲ್ಲೇ ಸತ್ತಿತ್ತು. ಅಂದರೆ ಈ ಮಗ ಜಗಳ ಮಾಡಿದ್ದು, ತಾನು ಯಾವತ್ತೂ ನೋಡದ ಅಣ್ಣನ ಸಮಾಧಿಗಾಗಿ. 1998ರಲ್ಲಿ ಅವರು ಸತ್ತವರ ಮನೆಯವರನ್ನು ಕೂಡಿಸಿ ಒಂದು ಸಮಿತಿ ಕಟ್ಟಿದರು. ರೋಮಾ ಹೊಲೊಕಾಸ್ಟ್‌ಗೆ, ಅಂದರೆ ಆ ನರಮೇಧಕ್ಕೆ, ನ್ಯಾಯ ಕೇಳುವ ಸಮಿತಿ.

ಅವರ ಕೆಲಸದ ರೀತಿ ಗಮನಿಸುವಂಥದ್ದು. ದೊಡ್ಡ ಮೆರವಣಿಗೆ ಅವರ ಕೈಲಿರಲಿಲ್ಲ. ದುಡ್ಡೂ ಇರಲಿಲ್ಲ. ಪ್ರತಿ ಮೇ ತಿಂಗಳು ಹೂವು ಇಡುವುದನ್ನು ಮಾತ್ರ ಬಿಡಲಿಲ್ಲ. ಆ ಕಾರ್ಯಕ್ರಮಕ್ಕೆ ವಿದೇಶಿ ರಾಯಭಾರಿಗಳನ್ನು, ಮಂತ್ರಿಗಳನ್ನು, ಪತ್ರಕರ್ತರನ್ನು ಕರೆಯುವುದು. ಬಂದವರ ಮೂಗಿಗೆ ಮಿಕ್ಕಿದ್ದು ತಾನೇ ಗೊತ್ತಾಗುತ್ತಿತ್ತು. ಸ್ಮಾರಕದ ಎದುರು ಟೈ ಕಟ್ಟಿಕೊಂಡು ನಿಂತ ಮಂತ್ರಿ ಆ ವಾಸನೆಯಲ್ಲಿ ಉಸಿರಾಡುತ್ತಾ, ‘ಗೌರವದ ನೆನಪು’ ಎಂದು ಓದಬೇಕು. ಯಾವ ಭಿತ್ತಿಪತ್ರಕ್ಕೂ ಆ ಶಕ್ತಿ ಬರುವುದಿಲ್ಲ.

ಸರ್ಕಾರಗಳು ಒಂದಾದ ಮೇಲೊಂದು ಬಂದವು. 1999ರಲ್ಲಿ ಮಿಲೋಶ್ ಝೆಮಾನ್ ಸರ್ಕಾರ ಫಾರಂ ಕೊಳ್ಳುವುದಿಲ್ಲ ಎಂದಿತು. ಅಷ್ಟರಲ್ಲಿ ಫಾರಂ ಖಾಸಗಿಯವರ ಕೈಗೆ ಹೋಗಿತ್ತು. ಲಾಭದಲ್ಲಿ ನಡೆಯುವ ವ್ಯಾಪಾರ, ಅವರು ಸುಮ್ನೆ ಬಿಟ್ಟುಕೊಡುತ್ತಾರೆಯೇ? 2005ರ ಏಪ್ರಿಲ್‌ನಲ್ಲಿ ಯುರೋಪಿನ ಸಂಸತ್ತು, ಆ ಹಂದಿಗಳನ್ನು ಅಲ್ಲಿಂದ ತೆಗೆಯಿರಿ ಎಂದು ನಿರ್ಣಯ ಮಾಡಿತು. ಜೆಕ್ ದೇಶ ಯುರೋಪಿನ ಒಕ್ಕೂಟ ಸೇರಿ ಆಗಿನ್ನೂ ಒಂದು ವರ್ಷ. ಹೊರಗಿನವರು ಹೇಳಿದ್ದು ಕೆಲವರಿಗೆ ಉರಿ ತರಿಸಿತು. ಫಾರಂ ಮಾತ್ರ ಅಲ್ಲಾಡಲಿಲ್ಲ.

2010ರ ಹೊತ್ತಿಗೆ ಸರ್ಕಾರ ಒಂದು ನಡುದಾರಿ ಹುಡುಕಿತು. ಹಳೆಯ ಸ್ಮಾರಕವನ್ನು ಚೊಕ್ಕ ಮಾಡಿ, ಗುಡಿಸಲುಗಳ ಮಾದರಿ ಕಟ್ಟಿ, ಅದರ ಉಸ್ತುವಾರಿಯನ್ನು ಲಿಡಿಟ್ಸೆ ಸ್ಮಾರಕದ ಸಂಸ್ಥೆಗೆ ವಹಿಸಿತು. ಲಿಡಿಟ್ಸೆಯ ನೆರಳಿನಲ್ಲಿ ಲೆಟಿ! ಇದನ್ನು ಯಾರೂ ತಮಾಷೆಗೆ ಮಾಡಿದ್ದಲ್ಲ. ವಾಸನೆ ಹಾಗೇ ಇತ್ತು. ಕೆಲವು ಕಿರಿಯ ಕಾರ್ಯಕರ್ತರಿಗೆ ತಾಳ್ಮೆ ಮುಗಿದು, ಫಾರಂ ಗೇಟಿನ ಎದುರೇ ಕೂತು ದಾರಿ ತಡೆದದ್ದೂ ಉಂಟು.

‘ಅದು ಕೆಲಸದ ಶಿಬಿರ ಅಷ್ಟೇ’

ದುಡ್ಡಿನ ನೆಪದ ಹಿಂದೆ ಇನ್ನೊಂದು ಮಾತು ಯಾವಾಗಲೂ ಕೇಳಿಸುತ್ತಿತ್ತು. ಅಧ್ಯಕ್ಷ ವಾಟ್ಸ್ಲಾವ್ ಕ್ಲೌಸ್ 2005ರಲ್ಲಿ, ಲೆಟಿ ನಿಜವಾದ ಅರ್ಥದ ಯಾತನಾ ಶಿಬಿರವಲ್ಲ, ಕೆಲಸ ಮಾಡಲು ಒಪ್ಪದವರನ್ನು ಇಟ್ಟಿದ್ದ ಜಾಗ ಎನ್ನುವ ಅರ್ಥದಲ್ಲಿ ಮಾತಾಡಿದರು. 2016ರಲ್ಲಿ ಆಗಿನ ಹಣಕಾಸು ಸಚಿವ ಆಂಡ್ರೆ ಬಾಬಿಶ್ ಅದನ್ನೇ ಇನ್ನೂ ಒರಟಾಗಿ ಹೇಳಿದರು. ಗಲಾಟೆ ಎದ್ದ ಮೇಲೆ ಕ್ಷಮೆ ಕೇಳಿದರು. ಮುಂದೆ ಅವರೇ ಪ್ರಧಾನಿಯಾದರು. 2018ರಲ್ಲಿ ಸಂಸದ ತೊಮಿಯೊ ಒಕಾಮುರಾ, ಶಿಬಿರಕ್ಕೆ ಬೇಲಿಯೇ ಇರಲಿಲ್ಲ ಎಂದರು. ಬೇಲಿ ಇತ್ತು.

ಈ ವಾದದ ಚಾಲಾಕಿತನ ಎಲ್ಲಿದೆ ನೋಡಿ. 1940ರ ಮೊದಲ ಶಿಬಿರದ ಹೆಸರು ನಿಜಕ್ಕೂ ಕೆಲಸದ ಶಿಬಿರವೇ. ಆ ಹಾಳೆ ತೋರಿಸಿ 1942ರ ಕತೆಗೆ ಅಂಟಿಸಿಬಿಟ್ಟರೆ, ಕೇಳಿದವನಿಗೆ ‘ಓ ಹೌದಾ’ ಅನ್ನಿಸುತ್ತದೆ. ಅದರ ಜೊತೆ ರೋಮಾ ಜನ ಸೋಮಾರಿಗಳು ಎನ್ನುವ ಹಳೆ ಮಾತು ಸೇರಿಕೊಂಡರೆ ಅಲ್ಲಿಗೆ ಮುಗಿಯಿತು. ಕೇಳಬೇಕಾದ ಪ್ರಶ್ನೆ ಸಣ್ಣದು: ಆರು ತಿಂಗಳ ಕೂಸು ಯಾವ ಕೆಲಸಕ್ಕೆ ಚಕ್ಕರ್ ಹೊಡೆದಿತ್ತು? ಸತ್ತ 326 ಜನರಲ್ಲಿ 241 ಮಕ್ಕಳು ಅನ್ನುವ ಲೆಕ್ಕ ಎದುರಿಗಿಟ್ಟರೆ ಸಾಕು. ಸಮಿತಿಯವರು ಮಾಡಿದ್ದೂ ಅದನ್ನೇ. ಹೆಸರಿನ ಪಟ್ಟಿ ಓದುತ್ತಿದ್ದರು. ಹುಟ್ಟಿದ ವರ್ಷ, ಸತ್ತ ವರ್ಷ. ಬಹಳ ಹೆಸರುಗಳಿಗೆ ಎರಡರ ನಡುವೆ ಅಂತರವೇ ಇಲ್ಲ.

ನೆಲವನ್ನೂ ಕೇಳಿದರು. ಪ್ಲ್ಜೆನ್‌ನ ವಿಶ್ವವಿದ್ಯಾಲಯದ ಪುರಾತತ್ವ ತಜ್ಞ ಪಾವೆಲ್ ವಾರ್ಝೆಕಾ ಅವರ ತಂಡ ಫಾರಂ ಸುತ್ತ ಅಗೆಯಿತು. ಗುಡಿಸಲುಗಳ ಅಡಿಪಾಯ, ಬಟ್ಟೆಯ ಗುಂಡಿ, ಮಣಿಯಂಥ ಸಣ್ಣಪುಟ್ಟ ಸಾಮಾನು ಸಿಕ್ಕವು. 2019ರಲ್ಲಿ ಮರಗಳ ನಡುವೆ ಸಮಾಧಿಗಳೇ ಸಿಕ್ಕವು. ಒಂದರಲ್ಲಿ ಹೆಂಗಸು, ಇನ್ನೊಂದರಲ್ಲಿ ಎಳೆ ಮಗು. ಬೇಲಿ ಇತ್ತೋ ಇಲ್ಲವೋ ಎಂದು ಟಿವಿಯಲ್ಲಿ ವಾದ ಮಾಡುತ್ತಿದ್ದವರಿಗೆ ಈ ಮಗುವಿನ ಬಗ್ಗೆ ಹೇಳಲು ಏನೂ ಇರಲಿಲ್ಲ.

ಚೌಕಾಸಿ

2017ರಲ್ಲಿ ಬೊಹುಸ್ಲಾವ್ ಸೊಬೊಟ್ಕಾ ಸರ್ಕಾರ ಕೊನೆಗೂ ಮನಸ್ಸು ಮಾಡಿತು. ಸಂಸ್ಕೃತಿ ಸಚಿವ ಡೇನಿಯಲ್ ಹೆರ್ಮಾನ್ ಕಂಪನಿಯ ಜೊತೆ ಕೂತು ಮಾತಾಡಿದರು. ನವೆಂಬರ್‌ನಲ್ಲಿ ಸಹಿ ಬಿತ್ತು. ಬೆಲೆ ಸುಮಾರು 45 ಕೋಟಿ ಕೊರುನಾ. ಆಗಿನ ನಮ್ಮ ಲೆಕ್ಕದಲ್ಲಿ 130 ಕೋಟಿ ರೂಪಾಯಿಗೂ ಮೇಲೆ. ಇಷ್ಟೊಂದಾ ಎಂದು ಕೂಗಿದವರು ಬಹಳ. ಅವರ ಸಿಟ್ಟು ಒಂದು ಮಟ್ಟಿಗೆ ಅರ್ಥವಾಗುತ್ತದೆ, ಆದರೆ ಆ ಸಿಟ್ಟು ತಪ್ಪು ಕಡೆ ತಿರುಗಿತ್ತು. ಆ ದುಡ್ಡಿನಲ್ಲಿ ಒಂದು ಪೈಸೆಯೂ ರೋಮಾ ಕುಟುಂಬಗಳಿಗೆ ಹೋಗಲಿಲ್ಲ. ಹೋದದ್ದು ಫಾರಂ ಮಾಲೀಕರಿಗೆ. ಖಾಸಗಿಯವರಿಗೆ ಕೊಡುವ ಮುಂಚೆಯೇ ತೆಗೆದಿದ್ದರೆ ಈ ಖರ್ಚೇ ಬೀಳುತ್ತಿರಲಿಲ್ಲ.

2018ರಲ್ಲಿ ಹಂದಿಗಳು ಹೋದವು. ಬೀಗದ ಕೈ ಬರ್ನೊದ ರೋಮಾ ಸಂಸ್ಕೃತಿ ಸಂಗ್ರಹಾಲಯಕ್ಕೆ ಬಂತು. 1991ರಲ್ಲಿ ರೋಮಾ ಬುದ್ಧಿಜೀವಿಗಳು ಶುರು ಮಾಡಿದ ಸಂಸ್ಥೆ ಅದು, ನಿರ್ದೇಶಕಿ ಯಾನಾ ಹೊರ್ವಾತೊವಾ. ಮೊದಲ ಸಲ ಈ ಜಾಗದ ಜವಾಬ್ದಾರಿ ಆ ಜನರದೇ ಸಂಸ್ಥೆಗೆ ಸಿಕ್ಕಿತು. ಸ್ಪರ್ಧೆ ಇಟ್ಟು ಹೊಸ ಸ್ಮಾರಕದ ವಿನ್ಯಾಸ ಆರಿಸಿದರು. ನಾರ್ವೆ ದೇಶದ ನೆರವಿನ ನಿಧಿಯಿಂದಲೂ ಹಣ ಬಂತು.

2022ರ ಜುಲೈ 22ರಂದು ಕೆಡವುವ ಕೆಲಸ ಶುರು. ರೂಜಿಚ್ಕಾ ಅವರಿಗೆ ಆಗ 76 ವರ್ಷ ಸಮೀಪ. ಶೆಡ್ಡು ಬೀಳುವುದನ್ನು ಅವರು ನೋಡಿದರು. ಡಿಸೆಂಬರ್‌ನಲ್ಲಿ ತೀರಿಕೊಂಡರು. 2024ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಪೆಟ್ರ್ ಪಾವೆಲ್ ಬಂದು ಹೊಸ ಸ್ಮಾರಕ ತೆರೆದಾಗ ಅವರು ಇರಲಿಲ್ಲ.

ಅದೇ ವರ್ಷ, ರೈಲು ನಿಲ್ದಾಣದಲ್ಲಿ

ಇಲ್ಲಿಗೆ ಕತೆ ಮುಗಿಸಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಆ 2022ರಲ್ಲೇ ನಡೆದ ಇನ್ನೊಂದು ವಿಷಯ ಬಿಟ್ಟರೆ ಈ ಪ್ರಕರಣ ಅರ್ಧವಾಗುತ್ತದೆ.

ಫೆಬ್ರವರಿ 24ಕ್ಕೆ ರಷ್ಯಾ ಉಕ್ರೇನ್ ಮೇಲೆ ಪೂರ್ತಿ ಯುದ್ಧಕ್ಕೆ ಇಳಿಯಿತು. ಮಾರ್ಚ್ 1ಕ್ಕೆ ಕೀವ್‌ನ ಟಿವಿ ಗೋಪುರದ ಮೇಲೆ ಕ್ಷಿಪಣಿ ಬಿತ್ತು. ಅದರ ಪಕ್ಕದಲ್ಲೇ ಬಾಬಿನ್ ಯಾರ್. ನಾಜಿಗಳು 1941ರ ಸೆಪ್ಟೆಂಬರ್ ಕೊನೆಯ ಎರಡು ದಿನದಲ್ಲಿ 33,771 ಯಹೂದಿಗಳನ್ನು ಕೊಂದ ಕಣಿವೆ. ರೋಮಾ ಜನರನ್ನೂ ಅಲ್ಲಿ ಕೊಂದಿದ್ದರು. ಅವರ ನೆನಪಿಗೆ ಕಬ್ಬಿಣದ ಒಂದು ಬಂಡಿ 2016ರಿಂದ ಅಲ್ಲಿ ನಿಂತಿದೆ. ಯುದ್ಧದ ನೆನಪಿನ ಜಾಗದ ಪಕ್ಕಕ್ಕೇ ಯುದ್ಧ ತಿರುಗಿ ಬಂದಿತ್ತು.

ಲಕ್ಷಗಟ್ಟಲೆ ಉಕ್ರೇನಿಯನ್ನರು ಜೆಕ್ ದೇಶಕ್ಕೆ ಬಂದರು. ಜನ ಮನೆಯ ಬಾಗಿಲು ತೆರೆದರು, ಅದು ನಿಜಕ್ಕೂ ದೊಡ್ಡ ಮಾತು. ಉಕ್ರೇನ್‌ನ ಪಶ್ಚಿಮ ತುದಿಯ ಜಕಾರ್ಪಾಟಿಯಾದಿಂದ ರೋಮಾ ಕುಟುಂಬಗಳೂ ಬಂದವು. ಅವರಲ್ಲಿ ಬಹಳ ಮಂದಿ ಹಂಗೇರಿಯನ್ ಮಾತಾಡುವವರು. ಮಕ್ಕಳು ಜಾಸ್ತಿ. ಉಕ್ರೇನ್ ಕಾನೂನಿನಲ್ಲಿ 18ರಿಂದ 60 ವಯಸ್ಸಿನ ಗಂಡಸರು ದೇಶ ಬಿಡುವ ಹಾಗಿರಲಿಲ್ಲ, ಮೂರು ಅಥವಾ ಹೆಚ್ಚು ಚಿಕ್ಕ ಮಕ್ಕಳಿದ್ದರೆ ಬಿಡಬಹುದಿತ್ತು. ಹಾಗಾಗಿ ಗಂಡ ಹೆಂಡತಿ ಮಕ್ಕಳು ಸಮೇತ ಬಂದರು. ಅದನ್ನೇ ನೋಡಿ ‘ಇವರು ನಿಜವಾದ ನಿರಾಶ್ರಿತರಲ್ಲ’ ಎನ್ನುವ ಗುಸುಗುಸು ಶುರುವಾಯಿತು. ಇವರ ಹತ್ತಿರ ಹಂಗೇರಿಯ ಪೌರತ್ವವೂ ಇದೆ, ಇವರಿಗೆ ನೆರವು ಸಿಗಲ್ಲ ಎಂದು ಅಧಿಕಾರಿಗಳು ಅನುಮಾನಪಟ್ಟರು. ತಪಾಸಣೆಯಲ್ಲಿ ಹಾಗೆ ಸಿಕ್ಕವರು ಕೆಲವೇ ಮಂದಿ. ತಪಾಸಣೆ ಮುಗಿಯುವ ತನಕ ಕುಟುಂಬಗಳು ಎಲ್ಲಿರಬೇಕು? ಏಪ್ರಿಲ್, ಮೇ ತಿಂಗಳಲ್ಲಿ ನೂರಾರು ಜನ ಪ್ರಾಗ್‌ನ ಮುಖ್ಯ ರೈಲು ನಿಲ್ದಾಣದಲ್ಲೇ ರಾತ್ರಿ ಕಳೆದರು. ಒಟ್ಟಿಗೆ ದೊಡ್ಡ ಕುಟುಂಬಕ್ಕೆ ಜಾಗ ಇಲ್ಲ ಎನ್ನುವ ಉತ್ತರ. ಆಮೇಲೆ ಟೆಂಟು ಹಾಕಿಕೊಟ್ಟರು.

ಅಲ್ಲಿ ಊಟ ಬಡಿಸಿದ್ದು, ಡೈಪರ್ ತಂದುಕೊಟ್ಟದ್ದು, ಕೌಂಟರಿನಲ್ಲಿ ನಿಂತು ಮಾತು ತಿಳಿಸಿದ್ದು ಸ್ವಯಂಸೇವಕರು. ಅವರಲ್ಲಿ ಜೆಕ್ ರೋಮಾ ಕಾರ್ಯಕರ್ತರೂ ಇದ್ದರು. ಮೇ ತಿಂಗಳಲ್ಲಿ ಲೆಟಿಗೆ ಹೂವು ತರುವ ಚಳವಳಿಯ ಜನ ಅದೇ ಮೇ ತಿಂಗಳಲ್ಲಿ ರೈಲು ನಿಲ್ದಾಣಕ್ಕೆ ನೀರಿನ ಬಾಟಲಿ ತರಬೇಕಾಯಿತು. ಪಟ್ಟಿ, ಗುರುತಿನ ಚೀಟಿ, ‘ಇವರು ಬೇರೆ ಥರ’ ಎನ್ನುವ ಮಾತು. 1942ಕ್ಕೂ ಇದಕ್ಕೂ ಹೋಲಿಕೆ ಮಾಡುವುದು ಸರಿಯಲ್ಲ, ಇಲ್ಲಿ ಯಾರೂ ಯಾರನ್ನೂ ಕೊಲ್ಲಲಿಲ್ಲ. ಆದರೆ ಅಧಿಕಾರಿಯೊಬ್ಬ ಸಾಲಿನಲ್ಲಿ ನಿಂತ ಹೆಂಗಸಿನ ಕಾಗದಕ್ಕಿಂತ ಮೊದಲು ಅವಳ ಮೈಬಣ್ಣ ನೋಡುವುದು 1927ರ ಕಾನೂನಿನ ಕಾಲದಿಂದ ಬಂದ ಅಭ್ಯಾಸ. ಫಾರಂ ಕೆಡವಿದ ಹಾಗೆ ಅದನ್ನು ಕೆಡವಲು ಬರುವುದಿಲ್ಲ.

ಸತ್ತವರಿಗೆ ಕಲ್ಲು ನಿಲ್ಲಿಸುವ ವಿಷಯದಲ್ಲೂ ಬದುಕಿರುವವರ ವಿಷಯದಲ್ಲೂ ಅದೇ ಜನ ಓಡಾಡಿದ್ದನ್ನು ನಾವು ಮರೆಯಬಾರದು. ರೋಮಾ ಮಕ್ಕಳನ್ನು ಬುದ್ಧಿಮಾಂದ್ಯರ ಶಾಲೆಗೆ ತಳ್ಳುತ್ತಿದ್ದ ಬಗ್ಗೆ ಒಸ್ತ್ರಾವಾ ನಗರದ 18 ಮಕ್ಕಳ ಪರವಾಗಿ ಕೇಸು ಹೂಡಿ, 2007ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದಲ್ಲಿ ಗೆದ್ದರು. ಒಪ್ಪಿಗೆಯಿಲ್ಲದೆ ಸಂತಾನಹರಣ ಮಾಡಿಸಿದ್ದ ಹೆಂಗಸರು ವರ್ಷಗಟ್ಟಲೆ ಹೋರಾಡಿದ ಮೇಲೆ, 2021ರಲ್ಲಿ ತಲಾ 3 ಲಕ್ಷ ಕೊರುನಾ ಪರಿಹಾರದ ಕಾನೂನು ಬಂತು. ಲೆಟಿ ಇವುಗಳಿಂದ ಬೇರೆಯಾದ ಜಗಳವಲ್ಲ. ಫಾರಂ ಕೊಂಡ 2017 ಈ ಸಾಲಿನ ನಡುವೆ ಬರುವ ಒಂದು ವರ್ಷ.

ಪ್ರಾಗ್‌ಗೆ ಹೋಗುವ ನಮ್ಮವರು ಸಾಮಾನ್ಯವಾಗಿ ಒಂದು ದಿನ ಬಸ್ ಹತ್ತಿ ಚೆಸ್ಕಿ ಕ್ರುಮ್ಲೋವ್ ಕೋಟೆ ನೋಡಲು ದಕ್ಷಿಣಕ್ಕೆ ಹೋಗುತ್ತಾರೆ. ಪೀಸೆಕ್ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಹೋದರೆ ಲೆಟಿ ದಾರಿಯಲ್ಲೇ ಸಿಗುತ್ತದೆ. ಫೋನಿನ ನಕ್ಷೆಯಲ್ಲಿ ಹುಡುಕುವಾಗ ‘ಲೆಟಿ ಉ ಪೀಸ್ಕು’ ಎಂದೇ ಹಾಕಿ, ಅಂದರೆ ಪೀಸೆಕ್ ಹತ್ತಿರದ ಲೆಟಿ. ಬರೀ ಲೆಟಿ ಎಂದರೆ ಪ್ರಾಗ್ ಪಕ್ಕದಲ್ಲೇ ಅದೇ ಹೆಸರಿನ ಇನ್ನೊಂದು ಊರಿದೆ, ಅಲ್ಲಿಗೆ ಕರೆದುಕೊಂಡು ಹೋಗುತ್ತದೆ.